ರಷ್ಯನ್ ಪುಸ್ತಕಗಳ ಹಿಂದೆ

೧೯೯೭ರ ಜೂನ್. ಪುಣೆಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಎಂ.ಎ. ಮುಗಿಸಿದವರು ‘ಪುಸ್ತಕ ಬಾಕಿ ಇಲ್ಲ’ ಎಂಬ ಚೀಟಿಗಾಗಿ ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ಮಾಧುರಿ. ಅಲ್ಲಿಯವರೆಗೆ ಮರಾಠಿಯಲ್ಲೇ ಗದರುತ್ತಿದ್ದ ಗುಮಾಸ್ತ ಸಿದ್ದಾರೂಢ, ಅಟೆಂಡರ್ ಚನ್ನವೀರ ಓಡಿಬಂದದ್ದೇ ತಡ, ಕನ್ನಡಕ್ಕೆ ಹೊರಳಿದ.

“ಏನಾತೋ?”

“ಸಿಕ್ತ್ರೀ ಸಾಹೇಬ್ರ! ಕಳದಿತ್ತಲ್ಲ, ಆ ಕನ್ನಡ-ಮರಾಠಿ ನಿಘಂಟು!”

“ಎಲ್ಲಿತ್ತು?”

“ರಷ್ಯನ್ ಪುಸ್ತಕದ ಹಿಂದ. ಪರೀಕ್ಷಾ ಟೈಮಿನ್ಯಾಗ ಯಾರೋ ತಮಗಷ್ಟ ಸಿಗಲಿ ಅಂತ ಬಚ್ಚಿಟ್ಟಾರ.”

ಮಾಧುರಿ ತಲೆ ತಗ್ಗಿಸಿ, ಆಗಲೇ ತುಂಬಿದ್ದ ಅರ್ಜಿಯನ್ನೇ ಮತ್ತೆ ಓದತೊಡಗಿದಳು. ಏಪ್ರಿಲ್‌ನಲ್ಲಿ ಅದನ್ನು ಅಲ್ಲಿ ತುರುಕಿ ಮರೆತವಳು ಅವಳೇ.

“ಪಾಪ, ನಿನ್ನ ಮ್ಯಾಲೇ ಅನುಮಾನ ಪಟ್ಟಿದ್ರಲ್ಲೋ.”

“ಎರಡು ತಿಂಗಳು ಕಣ್ಣಿಗೆ ನಿದ್ದಿ ಇದ್ದಿಲ್ರೀ. ಅದನ್ನ ಒಯ್ದವರು ಕೈಗೆ ಸಿಕ್ಕಿದ್ರ ಬಿಡ್ತಿದ್ದಿಲ್ಲ ನಾ.”

“ಈಗ?”

“ಈಗ ಏನಂತ ಬೈಲ್ರಿ? ಹೋದ ವಾರ ಪೈಪ್ ಒಡದು ಕನ್ನಡ ಕಪಾಟು ಪೂರಾ ತೊಯ್ತು. ಅಲ್ಲೇ ಇದ್ದಿದ್ರ ಇದೂ ಅಂಬಲಿ ಆಗಿರ್ತಿತ್ತು. ಇದ್ದದ್ದು ಇದೊಂದ ಪ್ರತಿ.”

“ಹಂಗಾರ ಈಗ ಎಲ್ಲಿಡ್ತಿ?”

“ಮತ್ತೆಲ್ರಿ? ಪೈಪ್ ರಿಪೇರಿ ಆಗೂತನಕ ಅಲ್ಲೇ, ರಷ್ಯನ್ ಹಿಂದ.”

ನಿಘಂಟನ್ನು ಎದೆಗವಚಿಕೊಂಡು ಚನ್ನವೀರ ನಗುತ್ತ ಒಳಗೆ ಹೋದ. ಸಿದ್ದಾರೂಢ ಮಾಧುರಿಯ ಚೀಟಿಗೆ ಠಪ್ಪನೆ ಮುದ್ರೆ ಒತ್ತಿದ. ತಡೆಹಿಡಿದಿದ್ದ ಉಸಿರಿನ ಜೊತೆ ಅವಳ ಬಾಯಿಂದ ಕನ್ನಡವೂ ಜಾರಿತು:

“ಭಾಳ ಉಪಕಾರ ಆತ್ರೀ.”

ಮುದ್ರೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅವನು ತಲೆಯೆತ್ತುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.