ಹದಿನಾಲ್ಕು ಅಡಿ ಮುಂಭಾಗದ ಮನೆ

ಮಾನ್ಯ ಅಧ್ಯಕ್ಷರೇ, ಟೌನ್ ಪಂಚಾಯತಿನ ಸದಸ್ಯರೇ, ಮೂವತ್ತೊಂದು ವರ್ಷ ಮೂಡಬಿದಿರೆಯ ಮನೆಮನೆಗೆ ಟೇಪು ಹಿಡಿದು ಬಂದು ಇಂದು ನಿವೃತ್ತರಾಗುತ್ತಿರುವ ಬಿಲ್ ಕಲೆಕ್ಟರ್ ಚಿನ್ನಯ್ಯನವರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿದ ಮತ್ತು ಸಿಗದ ಸಭಿಕರೇ,

ಚಿನ್ನಯ್ಯನವರನ್ನು ಹೊಗಳಲು ನನ್ನನ್ನೇ ಯಾಕೆ ಕರೆದರೋ ತಿಳಿಯದು. ಅವರ ಮೇಲೆ ಅತಿ ಹೆಚ್ಚು ಅರ್ಜಿ ಬರೆದವನು ನಾನು. ಪೇಟೆಯಲ್ಲಿ ನನ್ನ ಹೆಸರು ಬರೇ ಅನಂತರಾಜ ಅಲ್ಲ, ಅರ್ಜಿ ಅನಂತರಾಜ. ಅದು ನನಗೆ ಗೊತ್ತಿಲ್ಲವೆಂದು ನೀವು ತಿಳಿದಿದ್ದರೆ ತಪ್ಪು.

ಮೊನ್ನೆ ಅಧ್ಯಕ್ಷರು ಹೇಳಿದರು: "ಮುಂದಿನ ವಾರ ಚರಂಡಿ ತೆರಿಗೆಗೆ ಹೊಸ ನಿಯಮ ಮಾಡ್ಲಿಕ್ಕುಂಟು. ನಿಮ್ಮ ಐವತ್ತನಾಲ್ಕನೇ ಇಸವಿಯ ಅರ್ಜಿಯನ್ನೇ ಮಾದರಿಗೆ ಇಟ್ಟುಕೊಳ್ಳುವ. ಸಭೆಗೆ ಬರುವಾಗ ತನ್ನಿ." ತಂದಿದ್ದೇನೆ, ಜೇಬಿನಲ್ಲುಂಟು. ನಿನ್ನೆ ಒಂಬತ್ತು ವರ್ಷಗಳ ಮೇಲೆ ಅದನ್ನು ಓದಿದೆ. ಭಾಷೆ ಚೆನ್ನಾಗಿದೆ. ಓದಿದ ಮೇಲೆ ಮಾತ್ರ ನನಗೆ ಏನೂ ತಿಳಿಯದಂತಾಗಿದೆ.

ಪೇಟೆಯ ಮಳೆನೀರನ್ನು ಕೆಳಗಿನ ಗದ್ದೆಗೆ ಸಾಗಿಸಲು ಐವತ್ತನಾಲ್ಕರಲ್ಲಿ ಕಲ್ಲಿನ ಚರಂಡಿ ಕಟ್ಟಿದರು. ಅದರ ಖರ್ಚಿಗೆ ತೆರಿಗೆ ಬಂತು. ಮನೆಯ ಮೇಲಿನ ಮಾಡಿನ ಹೆಂಚನ್ನೂ ಅಂಗಳದ ಹಾಸುಗಲ್ಲನ್ನೂ ಅಳೆಯುವುದು. ಹೆಚ್ಚು ನೀರು ಬಿಡುವವನು ಹೆಚ್ಚು ಕೊಡುವುದು. ಚಿನ್ನಯ್ಯ ಏಣಿ ತಂದರು. ನಾನು ಏಣಿ ಇಡಲು ಬಿಡಲಿಲ್ಲ. ಮಳೆಯನ್ನು ನಾನು ತರಿಸಿದೆನೇ? ಆಕಾಶಕ್ಕೆ ನಲ್ಲಿ ಉಂಟೇ? ಮಂಗಳೂರಿನಿಂದ ನಗರಾಡಳಿತದ ಪುಸ್ತಕಗಳನ್ನು ತರಿಸಿ ಮೂರು ತಿಂಗಳು ಓದಿ ಬರೆದೆ: ಚರಂಡಿ ಓಡುವುದು ರಸ್ತೆಯ ಉದ್ದಕ್ಕೆ, ಆದುದರಿಂದ ರಸ್ತೆಯ ಕಡೆ ಯಾರ ಮನೆ ಎಷ್ಟು ಅಡಿ ಇದೆಯೋ ಅಷ್ಟಕ್ಕೆ ತೆರಿಗೆ. ಏಣಿಯೇ ಬೇಡ! ಮೇಲಧಿಕಾರಿಗಳು ಒಪ್ಪಿದರು. ಮದ್ರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಆ ನಿಯಮ ಹೋಗಲಿಲ್ಲ. ಇದೇ ಸಭಾಂಗಣದಲ್ಲಿ ನನಗೆ ಹಾರ ಹಾಕಿದರು.

ಹಾರ ಹಾಕಿದವರು ಯಾರು? ನಮ್ಮ ಪೇಟೆಮನೆಯವರು. ಪೇಟೆಮನೆ ಹೇಗಿರುತ್ತದೆಂದು ನಿಮಗೆ ಹೇಳಬೇಕೇ? ನನ್ನದು ಮುಂದೆ ಹದಿನಾಲ್ಕು ಅಡಿ, ಹಿಂದಕ್ಕೆ ನೂರಹತ್ತು ಅಡಿ. ಬರೆಯುವಾಗ ಇದು ನನ್ನ ಮನಸ್ಸಿನಲ್ಲಿತ್ತೇ? ಇರಲಿಲ್ಲ. ಇರಲಿಲ್ಲವೆಂದೇ ತೋರುತ್ತದೆ.

ಅಂದು ಏಣಿ ಹೆಗಲಿಗೇರಿಸಿಕೊಂಡು ಚಿನ್ನಯ್ಯ ಕೇಳಿದ್ದರು: "ಮಳೆ ಬಾಗಿಲಿಗೆ ಬೀಳ್ತದಾ ಧಣಿಗಳೇ? ಮಾಡಿಗೆ ಬೀಳುದಲ್ವಾ?"

"ನೀನು ಟೇಪು ಹಿಡಿ ಮಾರಾಯ, ಕಾನೂನು ನಾನು ಹಿಡೀತೇನೆ" ಎಂದೆ. ಎಲ್ಲರೂ ನಕ್ಕರು. ನಕ್ಕವರಲ್ಲಿ ಕೆಲವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ.

ವಿಷಯ ಬಿಟ್ಟು ಒಂದು ಮಾತು. ಇಳಿಜಾರಿನ ಕೊನೆಯಲ್ಲಿ ಬೀಡಿ ಕಟ್ಟುವ ರುಖಿಯಮ್ಮನ ಮನೆ ಉಂಟು. ರಸ್ತೆಯ ಉದ್ದಕ್ಕೆ ಮೂವತ್ತೆಂಟು ಅಡಿ, ಒಳಗೆ ಹತ್ತೇ ಅಡಿ. ಆಕೆಯ ಪ್ರಾಮಾಣಿಕತೆ ಎಂಥದು! ಪ್ರತಿ ಆಟಿ ತಿಂಗಳ ಜಡಿಮಳೆಯ ಮರುದಿನ ಏನಾದರೊಂದು ತಂದುಕೊಡುತ್ತಿದ್ದಳು. ಐವತ್ತೈದರಲ್ಲಿ ನಮ್ಮ ಊಟದ ಮಣೆ. ಐವತ್ತೇಳರಲ್ಲಿ ನನ್ನ ಎಡಗಾಲಿನ ಚಪ್ಪಲಿ. ಮರುವರ್ಷ ಎರಡು ತೆಂಗಿನಕಾಯಿ. "ಕಮಲಕ್ಕ, ನಿಮ್ದು ಬಂದಿತ್ತು" ಎಂದು ನನ್ನ ಪತ್ನಿ ಕಮಲಾವತಿಯ ಕೈಗಿಟ್ಟು ಹೋಗುವಳು. ನಮ್ಮೂರಿನ ಸೌಹಾರ್ದಕ್ಕೆ ಇದನ್ನು ಎಷ್ಟೋ ವೇದಿಕೆಗಳಲ್ಲಿ ಉದಾಹರಣೆ ಕೊಟ್ಟಿದ್ದೇನೆ. ಆ ವಸ್ತುಗಳು ಅವಳಲ್ಲಿಗೆ ಹೇಗೆ ಹೋಗುತ್ತಿದ್ದವು ಎಂದು ಮಾತ್ರ ಕೇಳಲಿಲ್ಲ.

ಕಳೆದ ಆಟಿಯಲ್ಲಿ ಅವಳ ಗೋಡೆ ಬಿತ್ತು. ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಬಂದಳು. "ಕಮಲಕ್ಕ, ನಿಮ್ಮ ಮಣೆ. ಗೋಡೆ ಬಿದ್ದಲ್ಲಿ ಸಿಕ್ಕಿತು." ಕಮಲಾವತಿ ಮಣೆ ತೆಗೆದುಕೊಂಡು ನನ್ನ ಮುಖ ನೋಡಿದಳು. ನಾನೇನು ಮಾಡಿದೆ? ಚರಂಡಿಯ ಹೂಳು ತೆಗೆಸಿಲ್ಲವೆಂದು ಚಿನ್ನಯ್ಯನವರ ಮೇಲೆ ಅರ್ಜಿ ಬರೆದೆ.

ಈ ವರ್ಷ ಮಣೆಯನ್ನು ಅಟ್ಟಕ್ಕೆ ಹಾಕಿದ್ದೇವೆ. ಅದರಿಂದ ನೀರು ಕಡಿಮೆಯಾಗುವುದಿಲ್ಲ ಎನ್ನುತ್ತಾಳೆ ಕಮಲಾವತಿ.

ಹಾಗಾದರೆ ಮಾಡನ್ನು ಅಳೆಯುವುದೇ ನ್ಯಾಯವೋ? ಪೇಟೆಯ ಹಿಂದಿನ ಬೋಳು ಪಾದೆಗಲ್ಲಿನಿಂದಲೂ ನೀರು ಇಳಿಯುತ್ತದೆ, ಅದಕ್ಕೆ ಬಿಲ್ಲು ಯಾರ ಹೆಸರಿಗೆ? ಬಸದಿಯ ಕಲ್ಲಿನ ಮಾಡಿಗೆ ಏಣಿ ಇಡುವವರು ಯಾರು? ಮಳೆಯನ್ನೆಲ್ಲ ತಾನೇ ಕುಡಿಯುವ ಹಿತ್ತಿಲಿದ್ದವನಿಗೆ ರಿಯಾಯಿತಿ ಬೇಡವೇ? ರುಖಿಯಮ್ಮನ ಮುಳಿಹುಲ್ಲಿನ ಮಾಡೂ ನೀರು ಬಿಡುತ್ತದಲ್ಲ? ಪುಸ್ತಕಗಳನ್ನೆಲ್ಲ ಮತ್ತೆ ತೆರೆದೆ. ಒಂದೊಂದು ಒಂದೊಂದು ಹೇಳುತ್ತದೆ, ಎಲ್ಲವೂ ಸರಿಯೆಂದೇ ಕಾಣುತ್ತದೆ. ಒಂಬತ್ತು ವರ್ಷ ಅವಳು ನನಗಿಂತ ಎರಡೂವರೆ ಪಾಲಿಗೂ ಹೆಚ್ಚು ಕಟ್ಟಿದಳು ಎಂಬುದೊಂದು ಮಾತ್ರ ಯಾವ ಪುಸ್ತಕದಲ್ಲೂ ಸರಿಯಾಗುವುದಿಲ್ಲ. ಅವಳು ಈ ಸಭೆಯಲ್ಲಿಲ್ಲ. ಅವಳನ್ನು ಯಾರೂ ಕರೆಯಲೂ ಇಲ್ಲ.

ಅಧ್ಯಕ್ಷರೇ, ಕ್ಷಮಿಸಬೇಕು, ಈ ಅರ್ಜಿಯನ್ನು ನಿಮಗೆ ಕೊಡುವುದಿಲ್ಲ. ಅದರ ಬದಲಿಗೆ ಏನು ಬರೆಯಬೇಕೆಂದು ನನ್ನನ್ನು ಕೇಳಬೇಡಿ, ಗೊತ್ತಿಲ್ಲ.

ಚಿನ್ನಯ್ಯನವರೇ, ನಾಳೆಯಿಂದ ನೀವು ಪಂಚಾಯತಿನವರಲ್ಲ, ಬನ್ನಿ ಎನ್ನುವ ಅಧಿಕಾರ ನನಗಿಲ್ಲ. ಆದರೂ ಮಳೆಗೆ ಇನ್ನು ಹದಿನೈದೇ ದಿನ. ಇಲ್ಲಿಗೆ ಹೊರಡುವ ಮೊದಲು ನಮ್ಮ ಮಾಡಿಗೆ ಏಣಿ ಒರಗಿಸಿ ಬಂದಿದ್ದೇನೆ. ನೀವು ಹತ್ತಿ ಅಳೆಯಿರಿ, ಕೆಳಗೆ ನಾನು ಹಿಡಿದುಕೊಳ್ಳುತ್ತೇನೆ.

ಇಷ್ಟು ಹೊತ್ತು ಅಡ್ಡಾದಿಡ್ಡಿ ಮಾತನ್ನು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞ. ನಮಸ್ಕಾರ.