ಮುಖೇಶ್ ಸ್ಕೂಟರಿನಿಂದ ಬಿದ್ದಿರಲಿಲ್ಲ

ಹೆಸರು: ಹರಿಕೃಷ್ಣ ಭಟ್. ತಂದೆ: ತ್ರಿವಿಕ್ರಮ ಭಟ್. ಪ್ರಾಯ: 26 ವರ್ಷ. ವಿದ್ಯೆ: ಎಂ.ಎ. ಕನ್ನಡ. ಕೆಲಸ: ಮುದ್ರಣಾಲಯದಲ್ಲಿ ಕರಡು ತಿದ್ದುವುದು. ವಾಸ: ಮಣ್ಣಗುಡ್ಡ, ಮಂಗಳೂರು. ಮೃತರೊಂದಿಗೆ ಸಂಬಂಧ: ಈ ಜಾಗವನ್ನು ಸದ್ಯ ಖಾಲಿ ಬಿಡಲು ಕೇಳಿಕೊಂಡಿದ್ದೇನೆ.

ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಜೆಪ್ಪು ವಾಸಿ ಮುಖೇಶ್ (ಪ್ರಾಯ 27) ಎಂಬವರ ಬಗ್ಗೆ 18-02-2024ರಂದು ಆಸ್ಪತ್ರೆಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು. ಸ್ಕೂಟರ್ ಸ್ಕಿಡ್ ಆಗಿ ಅವರು ಬಿದ್ದರೆಂದು ನಾನು ಹೇಳಿದ್ದೆ. ಅದರಂತೆ ಅಪಘಾತವೆಂದು ಪ್ರಕರಣ ಮುಗಿದಿದೆ.

ಆ ದಿನ ಭಾನುವಾರ. ಸಂಜೆ 5.50ಕ್ಕೆ ನಾವಿಬ್ಬರೂ ಉಳ್ಳಾಲದ ಕಡಲ ತೀರದಲ್ಲಿ ಕೂತಿದ್ದೆವು. ಸ್ಕೂಟರನ್ನು ಸುಮಾರು 200 ಮೀಟರ್ ದೂರದಲ್ಲಿ, ಗಾಳಿಮರದ ಕೆಳಗೆ ನಿಲ್ಲಿಸಿದ್ದೆವು. ಮುಖೇಶ್ ನನ್ನ ಕೈ ಹಿಡಿದಿದ್ದರು. 6.10ರ ಹೊತ್ತಿಗೆ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬನು ಮೊಬೈಲಿನಲ್ಲಿ ವೀಡಿಯೊ ಮಾಡುತ್ತ, ಕಡಲು ನೋಡ್ಲಿಕ್ಕೆ ಕೈ ಹಿಡ್ಕೊಳ್ಬೇಕಾ ಮಾರಾಯ, ನಿಮ್ಮಲ್ಲಿ ಹೆಂಡತಿ ಯಾರು ಎಂದು ಕೇಳಿದನು. ಮುಖೇಶ್ ಎದ್ದು ನಿಂತು, ವೀಡಿಯೊ ಅಳಿಸಿ, ನಾವು ಹೋಗ್ತೇವೆ ಎಂದರು. ಇನ್ನೊಬ್ಬನು ಮುಖೇಶರ ಹೆಲ್ಮೆಟನ್ನೇ ಮರಳಿನಿಂದ ಎತ್ತಿಕೊಂಡು ಅವರ ತಲೆಯ ಹಿಂಭಾಗಕ್ಕೆ ಮೂರು ಸಲ ಹೊಡೆದನು. ಮೂರನೆಯ ಸಲಕ್ಕೆ ಹೆಲ್ಮೆಟ್ ಒಡೆಯಿತು. ನಾನು ತಡೆಯಲಿಲ್ಲ. ಅವರಿಬ್ಬರು ಹೊರಟು ಹೋಗುವಾಗ ಬೈಕಿನ ನಂಬರ್ ಮಾತ್ರ ಓದಿಕೊಂಡೆ. ಅದನ್ನು ಬರೆದಿಟ್ಟ ಚೀಟಿಯನ್ನು ಈಗ ಹಾಜರುಪಡಿಸಿದ್ದೇನೆ.

ರಸ್ತೆಯಲ್ಲಿ ಸಿಕ್ಕಿದ ರಿಕ್ಷಾ ಚಾಲಕ ಬಶೀರ್ ಎಂಬವರು ನಮ್ಮನ್ನು ನಗರದ ಆಸ್ಪತ್ರೆಗೆ ಕರೆತಂದರು. ಸುಮಾರು 12 ಕಿ.ಮೀ., 35 ನಿಮಿಷ. ಮುಖೇಶ್ ನನ್ನನ್ನು ತಮಾಷೆಗೆ ಭಟ್ರೇ ಎಂದು ಕರೆಯುತ್ತಿದ್ದರು. ರಿಕ್ಷಾದಲ್ಲಿಯೂ ಹಾಗೆಯೇ ಕರೆದು, ಸ್ಕಿಡ್ ಆದದ್ದು ಅಂತ ಹೇಳಿ ಭಟ್ರೇ, ಬೇರೆ ಎಂತ ಸಹ ಹೇಳ್ಬೇಡಿ, ನಿಮ್ಮ ಅಪ್ಪನಿಗೆ ಗೊತ್ತಾದರೆ ಕಷ್ಟ ಉಂಟು ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಬಶೀರ್ ಅದನ್ನು ಕೇಳಿದ್ದಾರೆ. ರಾತ್ರಿ 8.10ಕ್ಕೆ ಪೊಲೀಸರು ಕೇಳಿದಾಗ ಮುಖೇಶ್ ಹೇಳಿಕೊಟ್ಟಂತೆಯೇ ಹೇಳಿದೆ. ನೀವು ಯಾರು ಎಂದದ್ದಕ್ಕೆ, ಪರಿಚಯದವ ಎಂದೆ.

ಮರುದಿನ ನಾನು ಉಳ್ಳಾಲಕ್ಕೆ ಹೋಗಿ ಸ್ಕೂಟರ್ ತಂದೆ. ಅದರಲ್ಲಿದ್ದ ಮರಳನ್ನೆಲ್ಲ ತೊಳೆದು ಜೆಪ್ಪುವಿನ ಅವರ ಮನೆಯ ಜಗಲಿಯ ಪಕ್ಕ ನಿಲ್ಲಿಸಿದೆ. ದಿನಾಂಕ 20ರಂದು ಬೆಳಿಗ್ಗೆ 11.20ಕ್ಕೆ ಮುಖೇಶ್ ತೀರಿಕೊಂಡರು.

ಕಳೆದ ನವೆಂಬರಿನಲ್ಲಿ ನಗರದ ಒಂದು ಕೋಣೆಯಲ್ಲಿ ನಮ್ಮಂಥವರು ಹದಿನಾಲ್ಕು ಮಂದಿ ಸೇರಿದ್ದೆವು. ಹೀಗೆ ಹೊಡೆತ ತಿಂದು ಸತ್ತವರ, ಹೆದರಿ ಜೀವ ಬಿಟ್ಟವರ ಹೆಸರುಗಳನ್ನು ಒಬ್ಬೊಬ್ಬರಾಗಿ ಎದ್ದು ಓದುವುದು ಅಲ್ಲಿಯ ಕ್ರಮ. ಹನ್ನೊಂದು ಹೆಸರು ಓದಿದರು. ಇನ್ನು ಯಾರಾದರೂ ಇದ್ದಾರಾ ಎಂದು ಕೇಳಿ ಸ್ವಲ್ಪ ಹೊತ್ತು ಕಾದರು. ದಾಖಲೆಯಲ್ಲಿ ಮುಖೇಶ್ ಅಪಘಾತದಲ್ಲಿ ಸತ್ತವರು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ನಿನ್ನೆ, 27-07-2025ರಂದು, ಮುಖೇಶರ ತಾಯಿ ದೇಯಿಯವರು (ಪ್ರಾಯ 58) ಫೋನ್ ಮಾಡಿ ಕರೆದರು. 11 ಗಂಟೆಗೆ ಅವರ ಮನೆಗೆ ಹೋದೆ. ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ ಮಾಡುವ ಕುಲೆ ಮದಿಮೆಯನ್ನು, ಅಂದರೆ ಪ್ರೇತ ಮದುವೆಯನ್ನು, ಮುಖೇಶರಿಗೆ ಆಗಸ್ಟ್ 10ಕ್ಕೆ ನಿಶ್ಚಯಿಸಿದ್ದೇವೆ ಎಂದರು. ಹುಡುಗಿ ಮೋಕ್ಷಾ, ಮೂರನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡವಳು. ಬದುಕಿದ್ದರೆ ಈಗ ಇಪ್ಪತ್ತೈದು. ಮದುಮಗನ ಹೆಸರಿನಲ್ಲಿ ಇಡಲು ಹೊಸ ಅಂಗಿ ತರಬೇಕಿತ್ತು. ಅವನ ಅಂಗಿಯ ಅಳತೆ ಎಷ್ಟು ಮಗಾ ಎಂದು ಅವರು ಕೇಳಿ ಮುಗಿಸುವ ಮೊದಲೇ ನಾನು ನಲವತ್ತು ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಮುಖೇಶರ ಮಾವ ನೋಣಯ್ಯನವರೂ ನೋಡಿದರು.

ದೇಯಿಯವರು ನನ್ನನ್ನು ಹೊರಗೆ ಸ್ಕೂಟರಿನ ಹತ್ತಿರ ಕರೆದುಕೊಂಡು ಹೋದರು. ಒಂದೂವರೆ ವರ್ಷದಿಂದ ದಿನಾ ಒರೆಸ್ತಾ ಇದ್ದೇನೆ, ಇದರಲ್ಲಿ ಒಂದು ಗೀರು ತೋರಿಸು ಎಂದರು. ಅದರಲ್ಲಿ ಒಂದು ಗೀರೂ ಇರಲಿಲ್ಲ. ಹಾಗಾದರೆ ನನ್ನ ಮಗ ಎಲ್ಲಿಂದ ಬಿದ್ದದ್ದು ಎಂದು ಕೇಳಿದರು. ಮೇಲೆ ಬರೆಸಿದ್ದನ್ನೆಲ್ಲ ನಾನು ಅಲ್ಲಿಯೇ ನಿಂತು ಹೇಳಿದೆ. ಕೈ ಹಿಡಿದಿದ್ದನ್ನೂ ಹೇಳಿದೆ. ಅವರು ಸ್ಕೂಟರಿನ ಸೀಟನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಬಾಗಿಲಲ್ಲಿದ್ದ ನೋಣಯ್ಯನವರು, ಹೋದವನ ಮಾನ ತೆಗಿಲಿಕ್ಕೆ ಬಂದದ್ದಾ ನೀನು, ಆ ಹುಡುಗಿಯ ಮನೆಯವರಿಗೆ ಎಂತ ಹೇಳುವುದು ಎಂದು ಜೋರು ಮಾಡಿದರು. ದೇಯಿಯವರು ಅವರ ಕಡೆ ತಿರುಗದೆ, ಹುಡುಗಿಯ ಮನೆಯವರಿಗೆ ನಾನು ಹೇಳ್ತೇನೆ, ಪೊಲೀಸರಿಗೆ ನೀನು ಹೇಳು ಎಂದು ನನಗೆ ಹೇಳಿದರು.

ಇಂದು ಬೆಳಿಗ್ಗೆ 9.10ಕ್ಕೆ ಮುದ್ರಣಾಲಯಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೊರಟು, ಜೆಪ್ಪುವಿಗೆ ಹೋಗಿ, ಅದೇ ಸ್ಕೂಟರಿನಲ್ಲಿ ದೇಯಿಯವರನ್ನು ಕೂರಿಸಿಕೊಂಡು ಇಲ್ಲಿಗೆ ಬಂದಿದ್ದೇನೆ. ಹಿಂದೆ ಬೈಕಿನ ಸದ್ದಾದಾಗ ಎರಡು ಸಲ ನಿಲ್ಲಿಸಿದೆ. ಸ್ಕೂಟರನ್ನು ಪರಿಶೀಲನೆಗೆ ಒಪ್ಪಿಸಿದ್ದೇನೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೂ ಕ್ರಮ ಆಗಬಹುದೆಂದು ತಿಳಿಸಿದ್ದಾರೆ. ನೋಟಿಸನ್ನು ಮುದ್ರಣಾಲಯಕ್ಕೆ ಕಳುಹಿಸಬಹುದೇ ಎಂದು ಕೇಳಿದೆ, ಏಕೆಂದರೆ ಮನೆಯಲ್ಲಿ ಅಂಚೆಯನ್ನು ಪೂಜೆ ಮುಗಿಸಿ ಬಂದು ತಂದೆಯವರೇ ತೆಗೆದುಕೊಳ್ಳುವುದು. ವಾಸದ ವಿಳಾಸಕ್ಕೇ ಬರುತ್ತದೆ ಎಂದರು. ಹಾಗಾದರೆ ಅದು ಬರುವ ಮೊದಲು ನಾನೇ ಅವರಿಗೆ ಹೇಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದರು. ದೇಯಿಯವರು ಹೊರಗಿನ ಬೆಂಚಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಖಾಲಿ ಬಿಟ್ಟ ಜಾಗದಲ್ಲಿ ಸ್ನೇಹಿತ ಎಂದು ಹಾಕಲೇ ಎಂದು ಬರೆದುಕೊಳ್ಳುವವರು ಕೇಳಿದರು. ಸಂಗಾತಿ ಎಂದು ಹಾಕಲು ಹೇಳಿದ್ದೇನೆ.

ಈ ಸಲ ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಮಂಗಳೂರು
ದಿನಾಂಕ: 28-07-2025, ಮಧ್ಯಾಹ್ನ 12.40

(ಸಹಿ) ಹರಿಕೃಷ್ಣ ಭಟ್
ಮುಖೇಶರ ಸಂಗಾತಿ

ಓದಿದ್ದನ್ನು ಕೇಳಿದವರು:
(ಸಹಿ) ದೇಯಿ
ಮುಖೇಶರ ತಾಯಿ