ಈ ಶಾಲು ಆಶಾರಾಣಿಯದು

ಮಾನ್ಯ ಅಧ್ಯಕ್ಷರಾದ ದೇವರಾಜ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿರ್ಮಾಣ ಕಂಪನಿಯ ಹಿರಿಯರೇ, ವೇದಿಕೆಯ ಮೇಲೆ ಕುಳಿತಿರುವ ಗಣ್ಯರೇ, ವೇದಿಕೆಯ ಮೇಲೆ ಜಾಗ ಸಿಗದೆ ಕೆಳಗೆ ಕುಳಿತಿರುವ ಗಣ್ಯರೇ, ನನ್ನ ಸಹೋದ್ಯೋಗಿಗಳೇ, ಮತ್ತು ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದಿರುವ ಸಭಿಕರೇ,

ನನ್ನ ಹೆಸರು ಶೈಲಜಾ. ಹೊಸಹಂದರ ಸೇವಾ ಸಂಸ್ಥೆಯಲ್ಲಿ ಸಮಾಜ ಕಾರ್ಯಕರ್ತೆ. 'ಸಂಸ್ಥೆಗಳು ತಮ್ಮ ಕಾರ್ಯಕರ್ತರಿಗೆ ಮೆಚ್ಚುಗೆ ತೋರಿಸುವುದು ಹೇಗೆ' ಎಂಬ ವಿಷಯ ಕೊಟ್ಟು ಮಾತನಾಡಲು ಹೇಳಿದ್ದಾರೆ. ಸನ್ಮಾನ ಮಾಡಿಸಿಕೊಂಡವಳ ಕೈಯಲ್ಲೇ ಸನ್ಮಾನದ ಗುಣಗಾನ ಮಾಡಿಸುವುದು ಜಾಣತನ. ಒಪ್ಪಬೇಕು.

ನಮ್ಮ ಸಂಸ್ಥೆಗೆ ಮೆಚ್ಚುಗೆ ತೋರಿಸಲು ಬರುವುದಿಲ್ಲ ಎಂದು ಯಾರು ಹೇಳಿದರು? ಹೋದ ವರ್ಷ ನಮಗೆಲ್ಲ ನೀರಿನ ಬಾಟಲಿ ಕೊಟ್ಟರು. 'ನೀವೇ ನಮ್ಮ ಶಕ್ತಿ' ಎಂದು ಅದರ ಮೇಲೆ ಬರೆದಿತ್ತು. ಬಿಸಿನೀರು ಹಾಕಿದೊಡನೆ ಶಕ್ತಿ ಅಳಿಸಿಹೋಯಿತು. ಅದರ ಹಿಂದಿನ ವರ್ಷ ಮಾರತ್ತಹಳ್ಳಿಯ ಕಚೇರಿಯಲ್ಲಿ ಒತ್ತಡ ನಿವಾರಣೆಯ ಶಿಬಿರ. ಕಣ್ಣು ಮುಚ್ಚಿ ಸಮುದ್ರ ತೀರವನ್ನು ನೆನೆಯಿರಿ ಎಂದರು. ಕಿಟಕಿಯ ಹೊರಗೆ ಹಾರ್ನುಗಳು. ನಾನು ಮನೆಗೆ ಹೋಗುವ ಬಸ್ಸನ್ನು ನೆನೆದೆ.

ಈ ವರ್ಷ ಶಾಲು, ಹಾರ, ಫಲಕ. ಫಲಕದಲ್ಲಿ 'ಮಗುವಿನ ಜೀವ ಉಳಿಸಿದ ತಂಡಕ್ಕೆ' ಎಂದಿದೆ. ತಂಡ ಎಂಬುದು ಬಹಳ ಅನುಕೂಲದ ಮಾತು. ಯಾರ ಹೆಸರು ಹೇಳಲು ಬಾಯಿ ಬರುವುದಿಲ್ಲವೋ ಅವರನ್ನು ಅದರೊಳಗೆ ತುಂಬಿ ಬಾಯಿ ಕಟ್ಟಿಬಿಡಬಹುದು. ಸಭಿಕರೇ, ಆ ಮಗುವನ್ನು ತಂಡ ಉಳಿಸಲಿಲ್ಲ. ಆಶಾರಾಣಿ ಉಳಿಸಿದಳು. ಆಕೆ ಇವತ್ತು ಈ ಸಭೆಯಲ್ಲಿಲ್ಲ. ಯಾರೂ ಕರೆದಿಲ್ಲ.

ವೈಟ್‌ಫೀಲ್ಡ್ ಆಚೆ, ಮುಖ್ಯ ಅತಿಥಿಗಳ ಕಂಪನಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಬಯಲಿನಲ್ಲಿ, ಕೂಲಿಯವರ ಮಕ್ಕಳಿಗಾಗಿ ನಾವೊಂದು ಕೇಂದ್ರ ನಡೆಸುತ್ತೇವೆ. ಅದನ್ನು ನೋಡಿಕೊಳ್ಳುತ್ತಿದ್ದವರು ಆಶಾರಾಣಿ ಮತ್ತು ನಾನು. ಆಕೆ ಊರಿನ ಇನ್ನೊಂದು ತುದಿಯ ರಾಜಗೋಪಾಲನಗರದಿಂದ ಬಸ್ಸು ಬದಲಿಸುತ್ತ ಬಂದರೂ ನನಗಿಂತ ಮೊದಲೇ ಬಂದು ಮಕ್ಕಳ ತಲೆ ಬಾಚುತ್ತಿದ್ದಳು. ಕೇಂದ್ರದ ಹಿಂದೆ ದೊಡ್ಡ ನೀರಿನ ಸಂಪು. ಅದಕ್ಕೆ ಮುಚ್ಚಳವಿರಲಿಲ್ಲ. ಮುಚ್ಚಿಸಿ ಎಂದು ತಿಂಗಳುಗಳಿಂದ ಕೇಳುತ್ತಿದ್ದೆವು. ಕಂಪನಿಯ ಮ್ಯಾನೇಜರ್ ಪ್ರತಿ ಸಲವೂ ನಗುತ್ತ ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ, ನಾವು ಊಟ ಬಡಿಸುತ್ತಿದ್ದಾಗ, ಅಲ್ಲೇ ಕೂಲಿ ಮಾಡುವ ಬಸಕ್ಕನ ಪುಟ್ಟ ಮಗಳು ಮುತ್ತು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿದ್ದಾಳೆ. ಏನೋ ನೀರಿಗೆ ಬಿದ್ದ ಸದ್ದಾಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಆಶಾರಾಣಿ ಕೈಲಿದ್ದ ಸೌಟು ಬಿಸಾಡಿ ಓಡಿದಳು. ಈಜು ಬಾರದವಳು, ಸೀರೆಯಲ್ಲೇ ಧುಮುಕಿದಳು. ನೀರು ಅವಳ ಗಲ್ಲದವರೆಗಿತ್ತು. ತಳದಲ್ಲಿ ಕಬ್ಬಿಣದ ಸರಳುಗಳು. ನಾನು ಅಂಚಿನಲ್ಲಿ ಮಕಾಡೆ ಮಲಗಿ ಕೈ ಚಾಚಿದೆ. ಅವಳು ಮಗುವನ್ನು ತಲೆಯ ಮೇಲೆತ್ತಿ ಕೊಟ್ಟಳು. ಮುತ್ತು ನೀರು ಕಕ್ಕಿ, ಕೆಮ್ಮಿ, ಅತ್ತಳು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ಆಶಾರಾಣಿಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಸರಳು ಸೀಳಿತ್ತು.

ಬಸಕ್ಕ ಕೊಪ್ಪಳದ ಕಡೆಯವಳು. ಹೆದರಿಕೆಯ ನಡುವೆಯೂ ದೂರು ಕೊಟ್ಟಳು. ಪೊಲೀಸರು ಬಂದರು. ಮುಚ್ಚಳವಿತ್ತು, ಆಯಮ್ಮಂದಿರು ಮಗುವನ್ನು ನೋಡಿಕೊಳ್ಳಲಿಲ್ಲ ಎಂದು ಕಂಪನಿಯವರು ಹೇಳಿದರು. ಮುಚ್ಚಳ ಇರಲಿಲ್ಲ ಎಂದು ಆಶಾರಾಣಿ ಹೇಳಿದಳು. ಮರುದಿನವೇ ಅಧ್ಯಕ್ಷರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಕಾಫಿ ತರಿಸಿದರು. ಕಂಪನಿಯವರು ನಮ್ಮ ಸಂಸ್ಥೆಯ ಕೈ ಹಿಡಿದವರು, ಹೇಳಿಕೆಯನ್ನು ಸ್ವಲ್ಪ ಸಾಫ್ಟಾಗಿ ಮಾಡಿಕೊಳ್ಳಿ ಎಂದರು. ಆಶಾರಾಣಿ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳಿದಳು: "ಸಾರ್, ಮುಚ್ಚಳ ಇರ್ಲಿಲ್ಲ. ಇರ್ಲಿಲ್ಲ ಅನ್ನೋದನ್ನ ಸಾಫ್ಟಾಗಿ ಹೇಗೆ ಹೇಳೋದು ಸಾರ್?"

ಅಧ್ಯಕ್ಷರು ಕಾಫಿ ಮುಗಿಸಿ ಎದ್ದರು. ಉತ್ತರ ಆ ತಿಂಗಳ ಕೊನೆಗೆ ಬಂತು. ಆಕೆಯನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಮುಖ್ಯ ಅತಿಥಿಗಳೇ, ತಾವು ಫೋನು ನೋಡುತ್ತಿದ್ದೀರಿ. ಪರವಾಗಿಲ್ಲ, ನೋಡಿ. ಸಂಪನ್ನೂ ತಾವು ಹೀಗೆಯೇ ನೋಡಿದ್ದಿರಿ.

ಸುರಕ್ಷತೆ ಎಂದರೆ ದೊಡ್ಡ ವಿದ್ಯೆಯೇ? ನಾವೀಗ ಕುಳಿತಿರುವ ಈ ಬ್ರೂಕ್‌ಫೀಲ್ಡ್ ಇನ್ನೂ ಹೊಲವಾಗಿದ್ದ ಕಾಲದಲ್ಲಿ ಇಲ್ಲೇ ಸಮೀಪ ನಮ್ಮದೊಂದು ಹಾಳು ಬಾವಿಯಿತ್ತು. ನಮ್ಮಜ್ಜಿ ಅದರ ಸುತ್ತ ಜಾಲಿಮುಳ್ಳು ಹಾಕಿಸಿದ್ದಳು. ಇಂಜಿನಿಯರ್ ಇರಲಿಲ್ಲ, ಹಳದಿ ಟೋಪಿ ಇರಲಿಲ್ಲ. ಆದರೂ ಮುಳ್ಳಿತ್ತು. ನಿಮಗೆ ನಾಚಿಕೆಯಾಗಲಿ ಎಂದು ಹೇಳುತ್ತಿದ್ದೇನೆ...

ಇಲ್ಲ. ಸುಳ್ಳಾಯಿತು. ಮುಳ್ಳು ಆಮೇಲೆ ಬಂತು. ಮೊದಲು ನನ್ನ ತಂಗಿ ಹೋದಳು.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನನ್ನ ತಾಯಿ ಲಕ್ಷ್ಮಮ್ಮ ಮುಂದಿನ ಸಾಲಿನಲ್ಲಿದ್ದಾರೆ. ಮಗಳಿಗೆ ಸನ್ಮಾನ ಎಂದು ರೇಷ್ಮೆ ಸೀರೆ ಉಟ್ಟು ಬಂದಿದ್ದಾರೆ. ಅಮ್ಮ, ಕೂತಿರು. ಏನೂ ಆಗಿಲ್ಲ.

ಹೇಗೂ ಮಾತು ಬಂತು, ಮೆಚ್ಚುಗೆ ತೋರಿಸುವುದು ಹೇಗೆಂದು ಹೇಳಿಯೇ ಬಿಡುತ್ತೇನೆ. ಆಶಾರಾಣಿ ಮಗುವನ್ನು ಎತ್ತಿದ ಸುದ್ದಿಯನ್ನು ನಮ್ಮಮ್ಮನಿಗೆ ಹೇಳಿದೆ. ಮಾರನೆಯ ಸಂಜೆ ಅಮ್ಮ ನಾಟಿ ಕೋಳಿ ಸಾರು ಮಾಡಿ, ಡಬ್ಬಿಗೆ ಹಾಕಿಕೊಂಡು, ಬಸ್ಸು ಹತ್ತಿ ರಾಜಗೋಪಾಲನಗರಕ್ಕೆ ಹೊರಟರು. ಒಬ್ಬಳೇ ಹೋಗಬೇಡ ಎಂದು ನಾನೂ ಹೋದೆ. ಆ ಚಿಕ್ಕ ಮನೆಯಲ್ಲಿ ಅಮ್ಮ ಚಾಪೆಯ ಮೇಲೆ ಕುಳಿತು, "ಕೂಸ್ನ ಎತ್ತಿದ ಕೈ ತೋರ್ಸವ್ವ" ಎಂದರು. ಆಶಾರಾಣಿ ನಾಚಿಕೊಂಡು ಕೈ ಚಾಚಿದಳು. ಅಮ್ಮ ಆ ಕೈಗಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಬಹಳ ಹೊತ್ತು ಬಿಡಲಿಲ್ಲ. ತಂಗಿಯ ಹೆಸರೆತ್ತಿ ಅಮ್ಮ ಅತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಆಮೇಲೆ ಗಾಯದ ಕೈಗೆ ಅನ್ನ ಕಲಸಲಾಗದೆಂದು ತಾವೇ ಕಲಸಿ ತಿನ್ನಿಸಿದರು. ಫೋಟೋ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಅಧ್ಯಕ್ಷರೇ, ನಿಮ್ಮ ಮನೆಯಿಂದ ಆಕೆಯ ಮನೆಗೆ ಕಾರು ಹೋಗುವ ದಾರಿಯಿದೆ. ನೀವು ಹೋದಿರಾ?

ಆಶಾರಾಣಿಯ ಕೆಲಸ ಹೋದ ಸುದ್ದಿ ತಿಳಿದು ಬಸಕ್ಕ ನನ್ನನ್ನು ಗೇಟಿನ ಬಳಿ ನಿಲ್ಲಿಸಿದಳು. "ಅಕ್ಕಾರ, ನಮ್ಮ ಸಲುವಾಗಿ ಆಕೀನ ತಗದ್ರೇನ್ರೀ? ಕಂಪ್ಲೇಂಟ್ ಹಿಂದಕ್ಕ ತಗೊಂಡ್ರ ಆಕಿ ಕೆಲ್ಸ ಆಕಿಗೆ ಕೊಡ್ತಾರೇನ್ರೀ?" ಎಂದು ಕೇಳಿದಳು. ಮಗುವನ್ನು ಕಳೆದುಕೊಳ್ಳುವುದರಲ್ಲಿದ್ದ ತಾಯಿ ನಮ್ಮ ಸಂಸ್ಥೆಯ ಪರವಾಗಿ ಪರಿಹಾರ ಹುಡುಕುತ್ತಿದ್ದಳು. ದೂರು ಹಿಂತೆಗೆಯಬೇಡ ಎಂದೆ. ಹಾಗೆ ಹೇಳಲು ನನಗೆ ಅಧಿಕಾರ ಕೊಟ್ಟವರಾರು ಎಂದು ಇವತ್ತು ಊಟದ ಹೊತ್ತಿಗೆ ವಿಚಾರಣೆ ನಡೆಯಬಹುದು. ನಡೆಯಲಿ.

ಗುರುವಾರ ಬೆಳಿಗ್ಗೆ ಆ ಪ್ರಕರಣ ನ್ಯಾಯಾಲಯದ ಮುಂದೆ ಬರುತ್ತದೆ. ಸಾಕ್ಷಿಯಾಗಿ ನನ್ನನ್ನೂ ಕರೆದಿದ್ದಾರೆ. ಕರೆ ಬಂದ ಮೇಲೆಯೇ ಈ ಸನ್ಮಾನಕ್ಕೆ ನನ್ನ ಹೆಸರು ಆಯ್ಕೆಯಾಯಿತು ಎಂಬುದನ್ನು ಸಭಿಕರು ದಯವಿಟ್ಟು ಕಾಕತಾಳೀಯವೆಂದು ತಿಳಿಯಬೇಕು. ಹಾರದ ತೂಕಕ್ಕೆ ನನ್ನ ಕುತ್ತಿಗೆ ಬಾಗೀತೆಂದು ಲೆಕ್ಕ ಹಾಕಿದ್ದರೆ, ಆ ಲೆಕ್ಕ ತಪ್ಪು. ಮುಚ್ಚಳ ಇರಲಿಲ್ಲ ಎಂದೇ ಹೇಳುತ್ತೇನೆ. ಆಮೇಲೆ ನನ್ನ ಕೆಲಸವೂ ಹೋಗಬಹುದು. ನನಗೆ ಭಯವಿಲ್ಲವೇ? ಇದೆ.

ಅದಕ್ಕೇ ಸಹೋದ್ಯೋಗಿಗಳನ್ನು ಕೇಳುತ್ತಿದ್ದೇನೆ. ಮೆಚ್ಚುಗೆಯ ಮಾತು ನಿಜವಾದರೆ ಗುರುವಾರ ಬನ್ನಿ. ಆಶಾರಾಣಿ, ಬಸಕ್ಕ ಮತ್ತು ನಾನು ಅಲ್ಲಿರುತ್ತೇವೆ. ನೀವು ಏನೂ ಹೇಳಬೇಕಾಗಿಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತರೆ ಸಾಕು. ತಿರುಗಿ ನೋಡಿದಾಗ ಗುರುತಿನ ಮುಖವೊಂದು ಕಾಣಬೇಕು.

ಫಲಕವನ್ನು ಮೇಜಿನ ಮೇಲೆ ಬಿಟ್ಟಿದ್ದೇನೆ. ಶಾಲನ್ನು ಒಯ್ದು ಯಾರದೋ ಅವರಿಗೆ ಹೊದಿಸುತ್ತೇನೆ. ಇಷ್ಟು ಹೊತ್ತು ಮೈಕು ಆರಿಸದೆ ಬಿಟ್ಟ ಧ್ವನಿವರ್ಧಕದ ಅಣ್ಣನಿಗೆ ಎಲ್ಲರಿಗಿಂತ ಮೊದಲು ವಂದನೆಗಳು. ಕೇಳಿಸಿಕೊಂಡವರಿಗೂ, ಕೇಳಿಸದಂತೆ ಕುಳಿತವರಿಗೂ ನಮಸ್ಕಾರ.

ಅಮ್ಮ, ಏಳು. ಹೋಗೋಣ.